ತೆರೆ ಆರಿಸಿ ‘ಅಪ್’ ಕೇಳುವ ಬಗೆ

ಪಿಕ್ಸರ್‌ನ ‘ಅಪ್’ (2009) ಚಿತ್ರದಲ್ಲಿ ಕಾರ್ಲ್ ಮತ್ತು ಎಲ್ಲಿ ದಂಪತಿಯ ಇಡೀ ಸಂಸಾರ ನಾಲ್ಕೈದು ನಿಮಿಷಗಳಲ್ಲಿ ಸರಿದುಹೋಗುತ್ತದೆ. ಮದುವೆ, ಹೊಸ ಮನೆ, ಆಗದೇ ಹೋದ ಮಗು, ಕೂಡಿಟ್ಟ ಚಿಲ್ಲರೆ ಹಣ, ಮುಪ್ಪು, ಎಲ್ಲಿಯ ಸಾವು. ಮದುವೆಯ ನಂತರ ಅಲ್ಲಿ ಮಾತೇ ಇಲ್ಲ. ಆಡಬೇಕಾದ ಮಾತನ್ನೆಲ್ಲ ಆಡುವುದು ಮೈಕೆಲ್ ಜಿಯಾಕಿನೊ ಅವರ ಸಂಗೀತ. ಈ ಚಿತ್ರಕ್ಕಾಗಿ ಅವರಿಗೆ 2010ರಲ್ಲಿ ಆಸ್ಕರ್ ಬಂತು. ಹಿನ್ನೆಲೆ ಸಂಗೀತಕ್ಕೆಂದು ಪಿಕ್ಸರ್ ಚಿತ್ರವೊಂದಕ್ಕೆ ಸಂದ ಮೊದಲ ಆಸ್ಕರ್ ಅದು.

ಸಿನಿಮಾ ನೋಡುವಾಗ ಕಣ್ಣಿನದೇ ಕಾರುಬಾರು. ಸಂಗೀತದ ಪ್ರಭಾವ ಮನಸ್ಸಿಗೆ ತಟ್ಟಿದರೂ ಅದು ಏನು ಮಾಡಿತು ಎಂಬುದು ಗಮನಕ್ಕೆ ಬರುವುದಿಲ್ಲ. ಅದನ್ನು ಕೇಳಿಸಿಕೊಳ್ಳಲು ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕಿಲ್ಲ. ಒಂದು ಮಟ್ಟನ್ನು ಗುರುತು ಹಿಡಿದು, ಅದು ಹೋದಲ್ಲೆಲ್ಲ ಬೆನ್ನು ಹತ್ತಿದರೆ ಸಾಕು.

1. ಸರಿಯಾದ ಆಲ್ಬಂ ಆರಿಸುವುದು

ಮ್ಯೂಸಿಕ್ ಆ್ಯಪ್‌ಗಳಲ್ಲಿ ‘ಸೌಂಡ್‌ಟ್ರ್ಯಾಕ್’ ಎಂದಿರುವುದೆಲ್ಲ ವಾದ್ಯಸಂಗೀತವಲ್ಲ. ‘ದಿ ಲಯನ್ ಕಿಂಗ್’ (1994) ಚಿತ್ರದ ಹಿನ್ನೆಲೆ ಸಂಗೀತಕ್ಕೆ ಹಾನ್ಸ್ ಜಿಮ್ಮರ್ ಆಸ್ಕರ್ ಪಡೆದರೂ, ಆಗ ಹೊರಬಂದ ಆಲ್ಬಂನಲ್ಲಿ ಅವರ ವಾದ್ಯಸಂಗೀತಕ್ಕೆ ಸಿಕ್ಕಿದ್ದು ನಾಲ್ಕೇ ಟ್ರ್ಯಾಕ್. ಉಳಿದದ್ದೆಲ್ಲ ಹಾಡು. ಹಾಗಾಗಿ ಗಾಯಕರ ಹೆಸರಿಗಿಂತ ಸಂಗೀತ ಸಂಯೋಜಕರ ಹೆಸರಿನಿಂದ ಹುಡುಕುವುದು ಲೇಸು. ‘ಅಪ್’ನಲ್ಲಿ ಈ ತೊಡಕಿಲ್ಲ. ಆಲ್ಬಂ ತುಂಬ ಜಿಯಾಕಿನೊ ಅವರ ಸಂಗೀತವೇ ಇದೆ, ಒಂದು ಗಂಟೆಯೊಳಗೆ ಮುಗಿಯುತ್ತದೆ.

ಟಾಮ್ ಅಂಡ್ ಜೆರ್ರಿಯಂಥ ಕಿರುಚಿತ್ರಗಳಿಂದ ಶುರು ಮಾಡುವುದು ಸ್ವಲ್ಪ ಕಷ್ಟ. ಅವುಗಳಿಗೆ ಸ್ಕಾಟ್ ಬ್ರಾಡ್ಲಿ ಬರೆದ ಸಂಗೀತ ಬೆಕ್ಕು ಎಡವಿದಲ್ಲಿ ಎಡವುತ್ತದೆ, ಇಲಿ ಓಡಿದಲ್ಲಿ ಓಡುತ್ತದೆ. ಚಿತ್ರವಿಲ್ಲದೆ ಕೇಳಿದರೆ ಹೊಸಬರಿಗೆ ತಲೆಬುಡ ತಿಳಿಯದು.

2. ಫೋನ್ ಸಿದ್ಧಪಡಿಸುವುದು

ಮೊದಲು ಶಫಲ್ ಆಫ್ ಆಗಬೇಕು, ಇಲ್ಲವಾದರೆ ಕಥೆಯ ಕ್ರಮವೇ ಕಲಸಿಹೋಗುತ್ತದೆ. ಎರಡನೆಯದು, ಒಂದು ಟ್ರ್ಯಾಕ್‌ನ ಕೊನೆಯನ್ನು ಮುಂದಿನದರ ಆರಂಭದೊಳಗೆ ಬೆರೆಸುವ ಕ್ರಾಸ್‌ಫೇಡ್. ಸಿನಿಮಾ ಹಾಡುಗಳಿಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಆದರೆ ನಿಧಾನವಾಗಿ ಅಡಗುತ್ತಿರುವ ಪಿಯಾನೊದ ಕೊನೆಯ ಸ್ವರವನ್ನು ಅದು ನುಂಗಿಬಿಡುತ್ತದೆ.

ಆರ್ಕೆಸ್ಟ್ರಾದ ದನಿ ಪಿಸುಮಾತಿನಷ್ಟು ಇಳಿದು ಮರುಕ್ಷಣವೇ ಅಬ್ಬರಕ್ಕೆ ಏರುವುದುಂಟು. ವಾಲ್ಯೂಮನ್ನು ಜೋರಾದ ಭಾಗಕ್ಕೆ ಹೊಂದಿಸಿಟ್ಟು ಆಮೇಲೆ ಮುಟ್ಟದಿರುವುದು ಉತ್ತಮ. ಸಿಟಿ ಬಸ್ಸಿನಲ್ಲಿ ಕೇಳಿದರೆ ಮೆಲುದನಿಯ ಭಾಗವೆಲ್ಲ ಎಂಜಿನ್ ಪಾಲಾಗುತ್ತದೆ. ರಾತ್ರಿ ಊಟವಾದ ಮೇಲಿನ ಹೊತ್ತು ವಾಸಿ.

3. ಮಟ್ಟನ್ನು ಬಾಯಿಪಾಠ ಮಾಡಿಕೊಳ್ಳುವುದು

ಇಡೀ ಆಲ್ಬಂ ಒಂದೇ ಸಲ ಬೇಡ. ಮೂರನೆಯ ಟ್ರ್ಯಾಕ್ ‘ಮ್ಯಾರೀಡ್ ಲೈಫ್’ ಮಾತ್ರ ಎರಡು ಮೂರು ಬಾರಿ ಕೇಳಬೇಕು. ನಾಲ್ಕು ನಿಮಿಷ ಚಿಲ್ಲರೆ ಇರುವ ಇದು ವಾಲ್ಟ್ಸ್, ಅಂದರೆ ಮೂರು ಎಣಿಕೆಯ ಕುಣಿತದ ಲಯ. ತೊಡೆಯ ಮೇಲೆ ‘ತಕಿಟ ತಕಿಟ’ ಎಂದು ಬಡಿಯುತ್ತ ಕುಳಿತರೆ ನಡೆ ಕೈಗೆ ಸಿಗುತ್ತದೆ. ಮೊದಲ ಪೆಟ್ಟಿಗೆ ಒತ್ತು, ಉಳಿದೆರಡು ಹಗುರ.

ಮಟ್ಟನ್ನು ಮೊದಲು ಎತ್ತಿಕೊಳ್ಳುವುದು ಮ್ಯೂಟ್ ಹಾಕಿದ ಟ್ರಂಪೆಟ್. ಅದರ ಅಗಲ ಬಾಯಿಗೆ ಬಿರಡೆಯಂಥದ್ದನ್ನು ಸಿಕ್ಕಿಸಿರುವುದರಿಂದ ದನಿ ಸಣ್ಣಗೆ, ತುಸು ಮೂಗಿನಲ್ಲಿ, ಹಳೆಯ ಗ್ರಾಮಫೋನ್ ಪ್ಲೇಟಿನ ಜಾಝ್‌ನಂತೆ ಬರುತ್ತದೆ. ಆಮೇಲೆ ಪಿಟೀಲು ಸೇರುತ್ತದೆ, ತಂತಿವಾದ್ಯಗಳೆಲ್ಲ ತುಂಬಿಕೊಳ್ಳುತ್ತವೆ. ಟ್ರ್ಯಾಕ್ ಮುಗಿಯುವ ಹೊತ್ತಿಗೆ ವೇಗ ಕುಗ್ಗಿ, ಅದೇ ಮಟ್ಟು ಪಿಯಾನೊದಲ್ಲಿ ಒಂಟಿಯಾಗಿ ಉಳಿದಿರುತ್ತದೆ. ಬದಲಾದದ್ದು ವಾದ್ಯ ಮತ್ತು ವೇಗ, ಮಟ್ಟಲ್ಲ. ಸ್ನಾನ ಮಾಡುವಾಗ ತಾನಾಗಿಯೇ ಗುನುಗುವಷ್ಟು ಅದು ನಾಲಿಗೆಗೆ ಹತ್ತಿದರೆ ಮುಂದಿನ ಹೆಜ್ಜೆ ಇಡಬಹುದು.

4. ಮಟ್ಟನ್ನು ಹಿಂಬಾಲಿಸುವುದು

ಈಗ ಆಲ್ಬಂ ಮೊದಲಿನಿಂದ ಕೊನೆಯವರೆಗೆ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದುಕೊಂಡರೆ ಅನುಕೂಲ: ಟ್ರ್ಯಾಕ್, ಮಟ್ಟು ನುಡಿಸಿದ ವಾದ್ಯ, ವೇಗ. ‘ಕಾರ್ಲ್ ಗೋಸ್ ಅಪ್’ನಲ್ಲಿ ಬಲೂನುಗಳಿಗೆ ಜೋತುಬಿದ್ದ ಮನೆ ಮೇಲೇಳುವಾಗ ಎಲ್ಲಿಯನ್ನು ನೆನಪಿಸುವ ಅದೇ ಮಟ್ಟೂ ಇಡೀ ವಾದ್ಯವೃಂದದ ಹೆಗಲೇರಿ ಹಾರುತ್ತದೆ. ಆಕೆ ತೀರಿಕೊಂಡಿದ್ದಾಳೆ, ಆದರೆ ಪ್ರಯಾಣದಲ್ಲಿ ಜೊತೆಗಿದ್ದಾಳೆ ಎಂಬುದನ್ನು ಆ ಹೊತ್ತಿನಲ್ಲಿ ಹೇಳುವುದು ಸಂಗೀತವೇ.

‘ಸ್ಟಫ್ ವಿ ಡಿಡ್’ ಎರಡು ನಿಮಿಷದಷ್ಟು ಚಿಕ್ಕದು. ಎಲ್ಲಿಯ ಸಾಹಸ ಪುಸ್ತಕದ ಪುಟಗಳು ಖಾಲಿಯಿವೆ ಎಂದುಕೊಂಡಿದ್ದ ಕಾರ್ಲ್‌ಗೆ ಅಲ್ಲಿ ತಮ್ಮಿಬ್ಬರ ಬದುಕಿನ ಫೋಟೊಗಳು ಸಿಗುವ ಸಂದರ್ಭ. ಪಿಯಾನೊ ಆತುರವಿಲ್ಲದೆ ಅದೇ ಮಟ್ಟನ್ನು ಹೇಳುತ್ತದೆ. ‘ಮ್ಯಾರೀಡ್ ಲೈಫ್’ ಕೊನೆಯ ಪಿಯಾನೊವನ್ನೂ ಇದನ್ನೂ ಒಂದರ ಬೆನ್ನಿಗೆ ಒಂದು ಕೇಳಬೇಕು. ಅಲ್ಲಿ ವಿದಾಯವಾಗಿದ್ದದ್ದು ಇಲ್ಲಿ ಸಮಾಧಾನವಾಗಿ ಕೇಳಿಸುತ್ತದೆ.

ಹಾಳೆಯಲ್ಲಿ ಇನ್ನೊಂದು ಮಟ್ಟಿಗೂ ಜಾಗ ಬೇಕು. ಅದು ಸಾಹಸಿ ಚಾರ್ಲ್ಸ್ ಮಂಟ್ಜ್‌ನದು. ಆರಂಭದಲ್ಲಿ ಬಾಲಕ ಕಾರ್ಲ್‌ನ ಆರಾಧ್ಯದೈವವಾಗಿದ್ದಾಗ ಅದಕ್ಕೆ ಮೆರವಣಿಗೆಯ ಠೀವಿ. ಆತ ಖಳನಾದ ಮೇಲೆ ಅದೇ ಮಟ್ಟಿಗೆ ಕತ್ತಲು ಕವಿಯುತ್ತದೆ. ಆಲ್ಬಂ ಕೊನೆಯಲ್ಲಿ ಅದು 1930ರ ದಶಕದ ಧಾಟಿಯ ಹಾಡಾಗಿಯೂ ಬರುತ್ತದೆ.

5. ಚಿತ್ರಕ್ಕೆ ಮರಳುವುದು

ಕೊನೆಗೆ ಆ ದಾಂಪತ್ಯದ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ, ಇನ್ನೊಮ್ಮೆ ಶಬ್ದದೊಂದಿಗೆ ನೋಡಬೇಕು. ಆಸ್ಪತ್ರೆಯ ಕೋಣೆಯ ದೃಶ್ಯ ಬರುವಾಗ ಲಯ ಹೇಗೆ ಸಡಿಲಗೊಂಡಿತು, ದಂಪತಿ ಮತ್ತೆ ಬದುಕಿಗೆ ಮರಳುವಾಗ ಕುಣಿತ ಹೇಗೆ ಚೇತರಿಸಿಕೊಂಡಿತು ಎಂಬುದನ್ನು ಹಾಳೆಯ ಟಿಪ್ಪಣಿಯೊಂದಿಗೆ ತಾಳೆ ನೋಡಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದು ಅವರಿಗೆ ಆಟವೂ ಹೌದು: ಟ್ರ್ಯಾಕ್ ಕೇಳಿಸಿ ದೃಶ್ಯ ಯಾವುದೆಂದು ಊಹಿಸಲು ಹೇಳಬಹುದು.

ಮುಂದೆ ಏನು ಕೇಳಬಹುದು?

* ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ (2010), ಜಾನ್ ಪವೆಲ್: ‘ಫರ್ಬಿಡನ್ ಫ್ರೆಂಡ್‌ಶಿಪ್’ನಿಂದ ಆರಂಭಿಸಿ ‘ಟೆಸ್ಟ್ ಡ್ರೈವ್’ಗೆ ಹೋಗುವುದು ಒಳ್ಳೆಯ ದಾರಿ.
* ‘ಸ್ಪಿರಿಟೆಡ್ ಅವೇ’ (2001), ಜೋ ಹಿಸಾಯಿಶಿ: ಮೊದಲ ಟ್ರ್ಯಾಕ್‌ನ ಪಿಯಾನೊ.
* ಡಿಸ್ನಿಯ ‘ಫ್ಯಾಂಟೇಸಿಯಾ’ (1940): ಇಲ್ಲಿ ಕ್ರಮವೇ ತಿರುವುಮುರುವು. ಬಾಖ್, ಬೀಥೊವೆನ್, ಸ್ಟ್ರಾವಿನ್‌ಸ್ಕಿ ಮೊದಲಾದವರ ಸಂಗೀತ ಮೊದಲು, ಅದಕ್ಕೆ ತಕ್ಕ ಚಿತ್ರ ಆಮೇಲೆ. ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ನಿರ್ದೇಶಿಸಿದ ವಾದನವನ್ನು ಮೊದಲು ಕಣ್ಣು ಮುಚ್ಚಿ ಕೇಳಿ, ತನಗೆ ಹೊಳೆದ ಚಿತ್ರಗಳನ್ನು ಬರೆದಿಟ್ಟುಕೊಂಡು, ನಂತರ ಡಿಸ್ನಿ ಕಲಾವಿದರು ಏನು ಬಿಡಿಸಿದರೆಂದು ನೋಡಬಹುದು.