ಚಿತ್ರಕಾರನೂ ಸಹೃದಯನೂ

ಕಾವ್ಯವನ್ನೋದಿದವನು ಅದು ಯಾರ ಕಾವ್ಯವೆಂದು ಕೇಳದೆ ಬಿಡುವುದಿಲ್ಲ. ಚಿತ್ರದ ವಿಷಯದಲ್ಲಿ ಮಾತ್ರ ಈ ಕುತೂಹಲವು ನಮ್ಮಲ್ಲಿ ಕಡಮೆ. ಕೈಯಲ್ಲಿ ಹಿರಿದ ಖಡ್ಗ, ಹೆಗಲ ಮೇಲೆ ಶವ, ಮಸಣದ ಕತ್ತಲಲ್ಲಿ ಅಂಜದೆ ನಡೆಯುವ ವಿಕ್ರಮರಾಜ: 'ಚಂದಮಾಮ'ದ ಈ ಚಿತ್ರವನ್ನು ಬಾಲ್ಯದಲ್ಲಿ ಕಂಡವರು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿರಬೇಕು. ಅದನ್ನು ಬರೆದವರು ಯಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಅವರು ಕೆ. ಸಿ. ಶಿವಶಂಕರನ್, 'ಶಂಕರ್' ಎಂಬುದು ಅವರ ರೂಢನಾಮ. 1924ರಲ್ಲಿ ಜನಿಸಿ, 1952ರಲ್ಲಿ ಆ ಪತ್ರಿಕೆಯನ್ನು ಸೇರಿ, ಹಲವು ದಶಕಗಳ ಕಾಲ ಅದಕ್ಕಾಗಿಯೇ ಲೇಖನಿ ಹಿಡಿದ ಅವರು 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಪ್ರಶಸ್ತಿ ಬಂದದ್ದು ಮರುವರ್ಷ, ಮರಣೋತ್ತರವಾಗಿ! ಪತ್ರಿಕೆಯೂ ಈಗ ನಿಂತುಹೋಗಿದೆ. ಲಕ್ಷಾಂತರ ಮಕ್ಕಳ ಕಲ್ಪನೆಗೆ ಆಕಾರವಿತ್ತವನ ಹೆಸರನ್ನು ಆ ಮಕ್ಕಳೇ ಅರಿಯದೆ ಹೋದುದು ಸಣ್ಣ ಸಂಗತಿಯೆನ್ನಲಾಗದು.

ನೋಡುವ ಶಿಕ್ಷಣವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಇಂದಿನ ಬಸವಕಲ್ಯಾಣದಿಂದ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಚಿತ್ರಕರ್ಮವನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಕನ್ನಡಿಯ ಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ. ಆಕಾರಮಾತ್ರವನ್ನು ತೋರುವುದು ಅವಿದ್ಧ. ಕಂಡೊಡನೆ ಶೃಂಗಾರಾದಿ ರಸಗಳನ್ನು ಉಂಟುಮಾಡುವುದು ಭಾವಚಿತ್ರ. ದ್ರವವರ್ಣದಿಂದ ಬರೆದ ರಸಚಿತ್ರ, ಪುಡಿಯಿಂದ ಬರೆದ ಧೂಳಿಚಿತ್ರಗಳು ಸಾಮಗ್ರಿಯಿಂದಾದ ಭೇದಗಳು. ಅವು ಇಲ್ಲಿ ಪ್ರಕೃತವಲ್ಲ. (ಇಂದು ನಾವು ಮುಖದ ಪಟಕ್ಕೆಲ್ಲ 'ಭಾವಚಿತ್ರ' ಎನ್ನುತ್ತೇವೆ, ಅದರಲ್ಲಿ ಭಾವವಿರಲಿ, ಬಿಡಲಿ.) ಮೊದಲ ಮೂರು ಪದಗಳನ್ನು ಕೈದೀಪವಾಗಿ ಹಿಡಿದು ನಮ್ಮ ಕಾಲದ ಚಿತ್ರಗಳ ಬಳಿಗೆ ಹೋಗಬಹುದು.

ಅವಿದ್ಧಕ್ಕೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ರೇಖಾಚಿತ್ರಗಳಿಗಿಂತ ಉತ್ತಮ ಲಕ್ಷ್ಯ ದೊರೆಯದು. ಉಡುಪಿಯ ಸಮೀಪದಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, 1996ರಲ್ಲಿ ಅಗಲಿದ ಹೆಬ್ಬಾರರು ಲಯದ ಮರ್ಮವನ್ನರಿಯಲೆಂದೇ ಕಥಕ್ ನೃತ್ಯವನ್ನು ಅಭ್ಯಸಿಸಿದವರು. ಅವರ ನರ್ತಕಿಗೆ ಕಣ್ಣು ಮೂಗುಗಳ ವಿವರವಿರುವುದಿಲ್ಲ. ಒಂದೆರಡು ರೇಖೆ ಬಾಗಿ ಬಳುಕಿ ಹೋಗುತ್ತವೆ. ಉಳಿದುದನ್ನು ನೋಡುವವನು ತುಂಬಿಕೊಳ್ಳಬೇಕು. ಧ್ವನಿಯನ್ನು ಬಲ್ಲ ಕಾವ್ಯರಸಿಕನಿಗೆ ಇದು ಅಪರಿಚಿತ ವ್ಯಾಪಾರವಲ್ಲ.

ಛಾಯಾಚಿತ್ರದ ಮಾತು ಬಂದೊಡನೆ ಪಂಡಿತರಲ್ಲಿ ಆಕ್ಷೇಪವೇಳುತ್ತದೆ: ಯಂತ್ರವು ಬಿಂಬವನ್ನು ಹಿಡಿಯುತ್ತದೆ, ಅದು ಕೇವಲ ವಿದ್ಧ, ಅದರಲ್ಲಿ ಪ್ರತಿಭೆಗೆ ಎಡೆಯೆಲ್ಲಿ? ಈ ಆಕ್ಷೇಪಕ್ಕೆ ಭೋಪಾಲಿನ ಒಂದು ಘಟನೆಯೇ ಉತ್ತರ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿದ್ದು ಸಾವಿರಾರು ಜನ ಸತ್ತರು. ಹೆಸರು ತಿಳಿಯದ ಒಂದು ಮಗುವನ್ನು ಹೂಳುತ್ತಿದ್ದಾಗ ರಘು ರಾಯ್, ಪಾಬ್ಲೊ ಬಾರ್ತಲೊಮ್ಯು ಎಂಬ ಇಬ್ಬರು ಛಾಯಾಗ್ರಾಹಕರು ಆ ದೃಶ್ಯವನ್ನು ಸೆರೆಹಿಡಿದರು. ಮಗು ಒಂದೇ, ಮಣ್ಣು ಒಂದೇ, ಚಿತ್ರಗಳು ಎರಡು. ಬಾರ್ತಲೊಮ್ಯು ಅವರದು ವರ್ಣಚಿತ್ರ. ಆ ವರ್ಷದ 'ವರ್ಲ್ಡ್ ಪ್ರೆಸ್ ಫೋಟೊ' ಪ್ರಶಸ್ತಿಗೆ ಪಾತ್ರವಾದದ್ದು ಅದು. ರಾಯ್ ಅವರದು ಕಪ್ಪು ಬಿಳುಪು. ಮಣ್ಣಿನ ನಡುವೆ ಮಗುವಿನ ಮುಖ, ಕಾಣಲಾರದ ತೆರೆದ ಕಣ್ಣುಗಳು, ಬೀಳ್ಕೊಡುವಂತೆ ಸವರುವ ಒಂದು ಕೈ, ಅಷ್ಟೆ. ಆ ಕೈ ಯಾರದೆಂಬುದನ್ನು ಚೌಕಟ್ಟು ತೋರುವುದಿಲ್ಲ. ಅಳುವ ಜನರಿಲ್ಲ, ಕಾರ್ಖಾನೆಯಿಲ್ಲ. ಹೆಣಗಳ ರಾಶಿಯನ್ನು ತೋರಿದ್ದರೆ ಬೀಭತ್ಸವಾಗುತ್ತಿದ್ದುದು ಇಲ್ಲಿ ಕರುಣವಾಗಿ ನಿಂತಿದೆ. ಏನನ್ನು ಬಿಡಬೇಕೆಂಬ ಈ ವಿವೇಕವನ್ನು ಯಂತ್ರವು ಮಾಡಲಾರದು. ಸೋಮೇಶ್ವರನ ಲಕ್ಷಣದಂತೆ ಇದು ವಿದ್ಧವೂ ಹೌದು, ಭಾವಚಿತ್ರವೂ ಹೌದು. ಸಾವಿನೆದುರು ಕ್ಯಾಮರಾ ಎತ್ತುವುದು ಉಚಿತವೇ ಎಂಬ ಪ್ರಶ್ನೆ ಉಳಿಯುತ್ತದೆ, ಉಳಿಯಲೂಬೇಕು. ಆದರೆ ಹೆಸರಿಲ್ಲದ ಆ ಕೂಸನ್ನು ಲೋಕವು ಇಂದಿಗೂ ಮರೆಯದಿರುವುದು ಈ ಎರಡು ಚಿತ್ರಗಳ ದೆಸೆಯಿಂದ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಕನ್ನಡಿಯನ್ನೇ ವಿನೋದಕ್ಕೆಳೆದವರೂ ಉಂಟು. 1956ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಎನ್. ಪುಷ್ಪಮಾಲಾ ಬರೋಡೆಯಲ್ಲಿ ಶಿಲ್ಪವನ್ನು ಕಲಿತವರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ರಚಿಸಿದ ಚಿತ್ರಮಾಲೆಯಲ್ಲಿ ಅವರು ತಾವೇ ವೇಷ ಧರಿಸಿ, ಬರೆದ ಪರದೆಯ ಮುಂದೆ, ರವಿವರ್ಮನ ಲಕ್ಷ್ಮಿಯಾಗಿ ನಿಂತಿದ್ದಾರೆ. ಇನ್ನೊಂದರಲ್ಲಿ ಬಿಜಾಪುರದ ಆದಿಲಶಾಹಿ ಕಾಲದ, ಸುಮಾರು 1600ರ, ಯೋಗಿನಿಯಾಗಿದ್ದಾರೆ. ಗೊರವಂಕವನ್ನು ಹಿಡಿದ ಆ ಮೂಲ ಯೋಗಿನಿ ಈಗಿರುವುದು ದೂರದ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ಚಿತ್ರದ ಕುದುರೆ ಕುದುರೆಯೂ ಹೌದು, ಅಲ್ಲವೂ ಹೌದು ಎಂಬ ಶ್ರೀಶಂಕುಕನ ಚಿತ್ರತುರಗನ್ಯಾಯವನ್ನು ತರಗತಿಯಲ್ಲಿ ವಿವರಿಸಲು ಹೆಣಗುವ ಉಪಾಧ್ಯಾಯರು ಈ ಪಟವೊಂದನ್ನು ತೋರಿಸಿದರೆ ಸಾಕು. ನಗು ಮೊದಲು ಬರುತ್ತದೆ, ನ್ಯಾಯ ಅದರ ಹಿಂದೆ.

ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಒಪ್ಪಿಸುವುದು ಶಾಲೆಗಳ ವಾಡಿಕೆ. ಅದು ತಪ್ಪದಿದ್ದರೂ ಕನ್ನಡದ ಅವಧಿಯಲ್ಲಿಯೇ ಕೆಲಸ ಆರಂಭಿಸಬಹುದು: ಪಠ್ಯದ ಚಿತ್ರಗಳನ್ನು ಬರೆದವರ ಹೆಸರನ್ನು ಪುಸ್ತಕದಲ್ಲಿ ಹುಡುಕಿಸುವುದು, ಚಿತ್ರದಲ್ಲಿ ಏನನ್ನು ಬಿಡಲಾಗಿದೆಯೆಂದು ಕೇಳುವುದು. ದೊಡ್ಡ ತರಗತಿಯ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವ ಬಸ್ಸಿನ ವೆಚ್ಚವೂ ದಾನಿಗಳಿಗೆ ಭಾರವಾಗಲಾರದು. ಅಲ್ಲಿನ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ, ಜನವರಿಯಲ್ಲಿ, ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆಯನ್ನು ನಡೆಸುತ್ತದೆ. ಅಂದು ರಸ್ತೆಯ ಇಕ್ಕೆಲಗಳಲ್ಲಿಯೂ ಚಿತ್ರಗಳು. ಯಾರು ಬರೆದದ್ದೆಂದು ಮಗು ಕೇಳಿದರೆ ಉತ್ತರಿಸಲು ಬರೆದವರೇ ಪಕ್ಕದಲ್ಲಿ ಕುಳಿತಿರುತ್ತಾರೆ.