ಸಂತ ಜೋಸೆಫ್ ವಾಜ್: ಜನರ ಮಾತು ಕಲಿತ ಗುರುಗಳು

ಯಾತ್ರಿಕ ಬಂಧುಗಳೇ, ಶಿರವಾಡದ ಮನೆಗಳಲ್ಲಿ ಇವತ್ತಿಗೂ ಕೇಳಿಬರುವ ಕೊಂಕಣಿಯೇ ಈ ಸಂತರ ತಾಯಿಮಾತು. ಇವರು 1651ರ ಏಪ್ರಿಲ್ 21ರಂದು ಗೋವಾದ ಬಾಣಾವಲಿಯಲ್ಲಿ ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರ ತನಕ ಕೆನರಾ ಮಿಷನ್ನಿನ ಮುಖ್ಯಸ್ಥರಾಗಿ, ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆಯೆಲ್ಲ ತಿರುಗಿ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು.

ಆಗ ಸಿಲೋನಿನಲ್ಲಿ ಡಚ್ಚರು ಕಥೋಲಿಕ ಗುರುಗಳಿಗೆ ನಿಷೇಧ ಹಾಕಿದ್ದರು. 1687ರಲ್ಲಿ ಇವರು ಬಡ ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದರು. ತಮಿಳು ಕಲಿತರು, ಸಿಂಹಳ ಕಲಿತರು, ಆ ಭಾಷೆಗಳಲ್ಲೇ ಪ್ರಾರ್ಥನೆ ಬರೆದುಕೊಟ್ಟರು. ತಿಳಿಯದ ಭಾಷೆಯ ಜಪ ಬಾಯಲ್ಲೇ ಉಳಿಯುತ್ತೆ, ಎದೆಗೆ ಇಳಿಯೋದಿಲ್ಲ, ಅಲ್ವೇ? 1705ರಲ್ಲಿ ಬಂದು ಸೇರಿದ ಗೋವಾದ ಜಾಕೋಮ್ ಗೊನ್ಸಾಲ್ವಿಸ್ ಗುರುಗಳು ಸಿಂಹಳದಲ್ಲಿ ಅನೇಕ ಪುಸ್ತಕ ಬರೆದು ಈ ಕೆಲಸ ಮುಂದುವರಿಸಿದರು.

1692ರಲ್ಲಿ ಕ್ಯಾಂಡಿಯ ದೊರೆ ಗೂಢಚಾರನೆಂಬ ಸಂಶಯದಿಂದ ವಾಜರನ್ನು ಸೆರೆಯಲ್ಲಿಟ್ಟ. ಆದರೆ 1697ರಲ್ಲಿ ಸಿಡುಬು ಬಂದಾಗ, ಮನೆಯವರೇ ಬಿಟ್ಟುಹೋದ ರೋಗಿಗಳ ಆರೈಕೆ ಮಾಡಿದವರು ಇವರೇ. ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಅದನ್ನು ಕಂಡ ದೊರೆಯ ಮನಸ್ಸು ಕರಗಿತು.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಾಣಬಿಟ್ಟರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಇವರನ್ನು ಸಂತರೆಂದು ಘೋಷಿಸಿದರು.

ಬೆಟ್ಟ ಇಳಿದು ಊರು ಮುಟ್ಟಿದ ಮೇಲೆ, ನೆರೆಮನೆಯಲ್ಲಿ ಯಾರಾದ್ರೂ ಹಾಸಿಗೆ ಹಿಡಿದಿದ್ರೆ ಒಮ್ಮೆ ಹೋಗಿ ವಿಚಾರಿಸಿ ಬನ್ನಿ. ನಿಮ್ಮ ಹರಕೆಯಲ್ಲಿ ಅದೂ ಸೇರಲಿ.