ಚಂದ್ರಿಕೆಯಿಂದ ಮಗ್ಗಕ್ಕೆ



ಮೈಸೂರು ರೇಷ್ಮೆ ಸೀರೆಯ ಹೆಸರನ್ನು ಕೇಳದವರಿಲ್ಲ. ಮೈಸೂರು ನಗರದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ಥಾಪಿಸಿದರು. ಮೊದಲ ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. 1980ರಿಂದ ಅದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ನಡೆಸುತ್ತಿದೆ. ಆದರೆ ಸೀರೆಯ ಕೆಲಸ ಮೊದಲಾಗುವುದು ಕಾರ್ಖಾನೆಯಲ್ಲಲ್ಲ, ನಿಮ್ಮ ಚಂದ್ರಿಕೆಯಲ್ಲಿ.

ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಂಟು-ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ತೆಗೆಯುತ್ತಾರೆ. ಆಮೇಲೆ ನೂಲಿಗೆ ಹುರಿ ಹಾಕಿ, ಹಾಸು ಹೊಕ್ಕು ಮಾಡಿ ನೇಯುತ್ತಾರೆ. ಒಳ್ಳೆಯ ಗೂಡಿನ ಎಳೆ ನೂರಾರು ಮೀಟರು ತುಂಡಾಗದೆ ಬಿಚ್ಚಿಕೊಳ್ಳುತ್ತದೆ. ಕೆಟ್ಟ ಗೂಡಿನದು ಮತ್ತೆ ಮತ್ತೆ ಕಡಿಯುತ್ತದೆ. ಆದುದರಿಂದಲೇ ಅದಕ್ಕೆ ಬೆಲೆ ಕಡಿಮೆ.

ನಮ್ಮ ವಲಯದ ರೈತರೊಬ್ಬರು ಮಾರುಕಟ್ಟೆಯಲ್ಲಿ ಧಾರಣೆ ಏರಿತೆಂದು ಮೂರನೆಯ ದಿನವೇ ಗೂಡು ಬಿಡಿಸಿದರು. ಒಳಗಿನ ಕೋಶ ಇನ್ನೂ ಎಳೆಯದು. ಒಡೆದು ಗೂಡೆಲ್ಲ ಕಲೆಯಾಯಿತು. ತಿಂಗಳ ದುಡಿಮೆ ಅರ್ಧ ಬೆಲೆಗೆ ಹೋಯಿತು. ಮುಂಚಿತವಾಗಿ ತಿಳಿಸದಿದ್ದ ತಪ್ಪು ನನ್ನದೂ ಹೌದು. ಆದ್ದರಿಂದ ಈ ಪಾಠ.

1. 6 ಅಡಿ ಉದ್ದ, 4 ಅಡಿ ಅಗಲದ ಚಂದ್ರಿಕೆಗೆ 1000ದಿಂದ 1200 ಹಣ್ಣುಹುಳು ಸಾಕು. ಹೆಚ್ಚಾದರೆ ಜೋಡಿಗೂಡು ಬೀಳುತ್ತದೆ. ಅದರ ಎಳೆ ಸಿಕ್ಕಾಗುತ್ತದೆ.

2. ಹುಳು ಗೂಡು ಕಟ್ಟುವಾಗ ಚಂದ್ರಿಕೆಗೆ ಗಾಳಿಯಾಡಬೇಕು. ತೇವ ನಿಂತರೆ ಎಳೆ ಸರಾಗವಾಗಿ ಬಿಚ್ಚುವುದಿಲ್ಲ. ಬಿಸಿಲಿಗೂ ಇಡಬಾರದು.

3. ಮಿಶ್ರತಳಿ ಗೂಡನ್ನು ಐದನೆಯ ದಿನ, ದ್ವಿತಳಿ ಗೂಡನ್ನು ಆರು ಅಥವಾ ಏಳನೆಯ ದಿನ ಬಿಡಿಸಿ. ಮೊದಲು ಒಂದೆರಡು ಗೂಡು ಕತ್ತರಿಸಿ ನೋಡಿ. ಕೋಶ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿರಬೇಕು.

4. ಜೋಡಿಗೂಡು, ಕಲೆಗೂಡು, ತೆಳುಗೂಡು, ಊಜಿ ನೊಣ ತೂತು ಮಾಡಿದ ಗೂಡು, ಇವನ್ನೆಲ್ಲ ಬೇರೆ ತೆಗೆಯಿರಿ. ಬೆರೆಸಿದರೆ ಇಡೀ ರಾಶಿಯ ಬೆಲೆ ಇಳಿಯುತ್ತದೆ.

5. ಗೂಡನ್ನು ಚೀಲಕ್ಕೆ ತುರುಕಬೇಡಿ. ಸಡಿಲವಾಗಿ ತುಂಬಿ ತಂಪು ಹೊತ್ತಿನಲ್ಲಿ ಸಾಗಿಸಿ. ಬಹಳ ದಿನ ಇಟ್ಟುಕೊಳ್ಳಲೂಬೇಡಿ. ಚಿಟ್ಟೆ ಗೂಡು ಕೊರೆದು ಹೊರಬಂದರೆ ಅದರಿಂದ ಉದ್ದ ಎಳೆ ಸಿಗದು.

ಸಂಶಯವಿದ್ದವರು ಹತ್ತಿರದ ರೇಷ್ಮೆ ತಾಂತ್ರಿಕ ಸೇವಾ ಕೇಂದ್ರದಲ್ಲಿ ವಿಚಾರಿಸಿರಿ. ಧಾರಣೆ ನಮ್ಮ ಕೈಯಲ್ಲಿಲ್ಲ. ಗೂಡಿನ ಗುಣ ನಮ್ಮ ಕೈಯಲ್ಲಿದೆ. ಎರಡು ದಿನ ತಾಳಿದವರಿಗೆ ನಷ್ಟವಿಲ್ಲ.